ಸೂರ್ಯನ ಬೂದಿ

ಹರಪನಹಳ್ಳಿ
೧೮ ಆಗಸ್ಟ್ ೨೦೨೪

ತಿಪ್ಪೇರುದ್ರಮ್ಮನವರಿಗೆ,

ನಾನು ಬೆನಕಪ್ಪ. ಹಲವಾಗಲು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಮೇಷ್ಟ್ರು. ೧೯೯೭ರಲ್ಲಿ ನೀವು ಎಂಟನೇ ತರಗತಿಯಲ್ಲಿದ್ದಿರಿ, ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಿರಿ. ಹೋದ ವಾರ ನಿಮ್ಮೂರಿನ ಹುಲುಗಪ್ಪ ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ನೀವು ಈಗ ಕೊಟ್ಟೂರಿನ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದೀರೆಂದು ತಿಳಿಸಿ ಈ ವಿಳಾಸ ಬರೆದುಕೊಟ್ಟ. ಫೋನ್ ನಂಬರನ್ನೂ ಕೊಟ್ಟ. ಆದರೆ ಎರಡು ವರ್ಷದಿಂದ ನನ್ನ ಎರಡೂ ಕಿವಿ ಹೋಗಿವೆ. ಆದ್ದರಿಂದ ಕಾಗದ.

ಒಂದು ದಿನದ ಸಂಗತಿ ಬರೆಯಬೇಕಿದೆ. ಅಂದು ನಾನು ಬೋರ್ಡಿನ ಮೇಲೆ ಸೂರ್ಯನನ್ನು ಬರೆದು, ಇದು ಧಗಧಗ ಉರಿಯುವ ಬೆಂಕಿಯ ಉಂಡೆ ಎಂದು ಹೇಳಿದೆ. ನೀವು ಎದ್ದು ನಿಂತಿರಿ. ನಿಮ್ಮ ಮಾತು ನನಗೆ ಅಕ್ಷರಶಃ ನೆನಪಿದೆ.

‘ಸಾರ್, ಹೋದ ವಾರ ನೀವಾ ದೀಪದ ಮ್ಯಾಲ ಲೋಟ ಮುಚ್ಚಿ ಆರಿಸಿ ತೋರ್ಸಿದ್ರಿ. ಗಾಳಿ ಇಲ್ಲಂದ್ರ ಬೆಂಕಿ ಇಲ್ಲ ಅಂದ್ರಿ. ಮ್ಯಾಲ ಗಾಳೀನ ಇಲ್ಲ ಅಂತೀರಿ. ಹಂಗಾದ್ರ ಸೂರ್ಯ ಯಾಕ ಆರಂಗಿಲ್ರಿ?’

ಹುಡುಗರೆಲ್ಲ ನಕ್ಕರು. ಅವರು ನಿಮ್ಮನ್ನು ನೋಡಿ ನಕ್ಕರೋ ನನ್ನನ್ನು ನೋಡಿ ನಕ್ಕರೋ ಗೊತ್ತಾಗಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ‘ಅಷ್ಟು ಚಿಂತಿ ಇದ್ರ ಹೊರಗ ನಿಂತು ಅವನ್ನ ಕೇಳು ಹೋಗು’ ಎಂದು ನಿಮ್ಮನ್ನು ಊಟದ ಗಂಟೆಯವರೆಗೆ ಬಿಸಿಲಲ್ಲಿ ನಿಲ್ಲಿಸಿದೆ. ಮಾರನೆಯ ದಿನ ನೀವು ಬರಲಿಲ್ಲ. ಆಮೇಲೆ ಶಾಲೆಗೆ ಬರಲೇ ಇಲ್ಲ.

ಕಿವಿ ಹೋದ ಮೇಲೆ ಓದು ಹೆಚ್ಚಾಗಿದೆ. ಮೊಮ್ಮಗಳು ಶಾಂಭವಿ ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳ ಪುಸ್ತಕದಲ್ಲಿ ಸೂರ್ಯನ ಅಧ್ಯಾಯವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ಸೂರ್ಯ ಉರಿಯುತ್ತಿಲ್ಲ. ಅಲ್ಲಿ ಬೆಂಕಿಯೇ ಇಲ್ಲ. ಇಡೀ ಸೂರ್ಯ ಕಲ್ಲಿದ್ದಲಾಗಿ, ಬೇಕಾದಷ್ಟು ಗಾಳಿಯೂ ಸಿಕ್ಕಿದ್ದರೆ, ಐದಾರು ಸಾವಿರ ವರ್ಷದಲ್ಲಿ ಉರಿದು ಮುಗಿಯುತ್ತಿತ್ತು. ಅವನಿಗೆ ಈಗ ನಾನೂರ ಅರವತ್ತು ಕೋಟಿ ವರ್ಷ. ಅವನೊಳಗೆ ನಡೆಯುತ್ತಿರುವುದೇ ಬೇರೆ. ಸಣ್ಣ ಕಣಗಳು ಕೂಡಿ ದೊಡ್ಡವಾಗುತ್ತಿವೆ, ಕೂಡುವಾಗ ಶಾಖ ಹೊರಬರುತ್ತಿದೆ.

ಇದಿಷ್ಟನ್ನು ತಿಳಿಸಬೇಕಿತ್ತು. ನಿಮ್ಮ ಓದು ನಿಲ್ಲಿಸಿದ ಪಾಪ ನನ್ನದು. ಸಾಧ್ಯವಾದರೆ ಕ್ಷಮಿಸಿ.

ಬೆನಕಪ್ಪ

*

ಕೊಟ್ಟೂರು
೯ ಸೆಪ್ಟೆಂಬರ್ ೨೦೨೪

ಗುರುಗಳಿಗೆ ತಿಪ್ಪೇರುದ್ರಮ್ಮ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂತು. ಬಿಸಿಲಲ್ಲಿ ನಿಂತದ್ದು ನನಗೆ ನೆನಪಿಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾವು ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯಿತು. ಮನೆಯವರು ಚೌಡಣ್ಣ ಕುರಿ ಹಿಂಡಿನ ಜೊತೆ ಹೊರಗೇ ಇರುತ್ತಾರೆ. ಮಗಳು ಮೇಘಾ ಕಾಲೇಜು ಮೊದಲ ವರ್ಷ. ನನ್ನದು ಭಟ್ಟಿಯಲ್ಲಿ ಒಲೆ ನೋಡುವ ಕೆಲಸ. ಬಾಣಲೆಯಲ್ಲಿ ಮರಳು ಕಾಯಬೇಕು, ಅದಕ್ಕೆ ಅಕ್ಕಿ ಬಿದ್ದರೆ ಅರಳಬೇಕು. ಕಾವು ಹೆಚ್ಚಾದರೆ ಕರಕಲು, ಕಡಿಮೆಯಾದರೆ ಅರಳದೆ ಗೊಟ್ಟು. ಆದ್ದರಿಂದ ಭತ್ತದ ಹೊಟ್ಟನ್ನು ಒಲೆಯ ಬಾಯಿಗೆ ಹಿಡಿ ಹಿಡಿಯಾಗಿ ಹಾಕುತ್ತಲೇ ಇರಬೇಕು. ಕೈ ನಿಂತರೆ ಬೆಂಕಿ ನಿಲ್ಲುತ್ತದೆ.

ನಿಮ್ಮ ಉತ್ತರ ನನಗೆ ಸಾಲಲಿಲ್ಲ, ತಪ್ಪು ತಿಳಿಯಬೇಡಿ. ಕೂಡಿದರೆ ಶಾಖ ಯಾಕೆ ಬರಬೇಕು? ನಾನು ನೋಡಿದ ಬೆಂಕಿಯಲ್ಲಿ ಒಡೆಯುವುದೇ ಹೆಚ್ಚು. ಇನ್ನೊಂದು. ಏನು ಕಾದರೂ ಕೊನೆಗೆ ಏನಾದರೂ ಉಳಿಯುತ್ತದೆ. ನಾನು ದಿನಾ ಸಂಜೆ ನಾಲ್ಕು ಪುಟ್ಟಿ ಬೂದಿ ಹೊರಗೆ ಹಾಕುತ್ತೇನೆ. ಸೂರ್ಯನ ಬೂದಿ ಎಲ್ಲಿದೆ?

ತಿಪ್ಪೇರುದ್ರಮ್ಮ

*

ಹರಪನಹಳ್ಳಿ
೧೪ ಸೆಪ್ಟೆಂಬರ್ ೨೦೨೪

ತಿಪ್ಪೇರುದ್ರಮ್ಮನವರಿಗೆ,

ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಬೂದಿಯ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ.

ಬೂದಿ ಇದೆ. ಅದರ ಹೆಸರು ಹೀಲಿಯಂ. ಮಕ್ಕಳ ಹಾರುವ ಬಲೂನಿಗೆ ತುಂಬುತ್ತಾರಲ್ಲ, ಅದು. ಅದನ್ನು ಮನುಷ್ಯರು ಮೊದಲು ಕಂಡದ್ದು ಭೂಮಿಯ ಮೇಲಲ್ಲ, ಸೂರ್ಯನ ಬೆಳಕಿನಲ್ಲಿ. ನೆಲದ ಮೇಲೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ಬೂದಿಯನ್ನು ಮೊದಲು ನೋಡಿ, ಒಲೆಯೊಳಗೆ ಏನಾಗುತ್ತಿದೆ ಎಂದು ಅರ್ಥ ಮಾಡಿಕೊಳ್ಳಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು.

ಸೂರ್ಯನಲ್ಲಿ ಹೆಚ್ಚಿನ ಪಾಲು ಹೈಡ್ರೋಜನ್. ಎಲ್ಲಕ್ಕಿಂತ ಹಗುರವಾದದ್ದು. ಆದರೆ ನಟ್ಟನಡುವೆ ಅದರ ಮೇಲೆ ಇಡೀ ಸೂರ್ಯನ ಭಾರ ಕೂತಿದೆ. ಅಲ್ಲಿನದನ್ನು ಒಂದು ಲೀಟರಿನ ಚೊಂಬಿಗೆ ತುಂಬಿದರೆ ಒಂದೂವರೆ ಕ್ವಿಂಟಲ್ ತೂಗುತ್ತದೆ! ಕಾವು ಒಂದೂವರೆ ಕೋಟಿ ಡಿಗ್ರಿ. ಆ ಕಾವಿನಲ್ಲಿ ಪರಮಾಣುಗಳ ಸಿಪ್ಪೆ ಕಳಚಿ, ನಡುವಿನ ಬೀಜ ಮಾತ್ರ ಬರಿಮೈಯಲ್ಲಿ ಓಡಾಡುತ್ತದೆ. ಒಂದು ಬೀಜ ಇನ್ನೊಂದನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ದೂಡುತ್ತದೆ. ಹೇಗೋ ಎರಡು ತೀರ ಹತ್ತಿರ ಬಂದುಬಿಟ್ಟವೋ, ಆಗ ಬೇರೊಂದು ಬಲ ಎರಡನ್ನೂ ಗಪ್ಪನೆ ಹಿಡಿದು ಒಂದಾಗಿಸುತ್ತದೆ. ಹೀಗೆ ಹಂತ ಹಂತವಾಗಿ ನಾಲ್ಕು ಹೈಡ್ರೋಜನ್ ಬೀಜ ಸೇರಿ ಒಂದು ಹೀಲಿಯಂ ಬೀಜ. ಇದಕ್ಕೆ ಬೈಜಿಕ ಸಮ್ಮಿಲನ ಎನ್ನುತ್ತಾರೆ.

ಈಗ ನಿಮ್ಮ ಪ್ರಶ್ನೆ, ಶಾಖ ಎಲ್ಲಿಂದ? ತೂಕ ಮಾಡಿ ನೋಡಿ. ಸಾವಿರ ಗ್ರಾಂ ಹೈಡ್ರೋಜನ್ ಒಳಗೆ ಹೋದರೆ ಸಿಗುವ ಹೀಲಿಯಂ ಒಂಬೈನೂರ ತೊಂಬತ್ತಮೂರು ಗ್ರಾಂ. ಏಳು ಗ್ರಾಂ ಇಲ್ಲ. ಹೊಗೆಯಾಗಿ ಹೋಗಲಿಲ್ಲ, ಚೆಲ್ಲಲಿಲ್ಲ. ಆ ಏಳು ಗ್ರಾಂ ವಸ್ತುವೇ ಶಾಖವಾಗಿ, ಬೆಳಕಾಗಿ ಹೊರಟಿತು. ಏಳು ಗ್ರಾಂ ಎಂದರೆ ಒಂದು ಹಿಡಿ ಮಂಡಕ್ಕಿಯ ತೂಕ. ಅಷ್ಟೇ ಶಾಖ ನಿಮ್ಮ ಒಲೆಯಲ್ಲಿ ಬೇಕೆಂದರೆ ಎಷ್ಟು ಹೊಟ್ಟು ಬೇಕೆಂದು ಶಾಂಭವಿ ಲೆಕ್ಕ ಹಾಕಿದಳು. ನಾಲ್ಕು ಸಾವಿರ ಲಾರಿಗೂ ಹೆಚ್ಚು. ನಾನು ನಂಬದೆ ಎರಡು ಸಲ ಹಾಕಿಸಿದೆ.

ಒಂದೊಂದು ಸೆಕೆಂಡಿಗೂ ಸೂರ್ಯ ನಲವತ್ತು ಲಕ್ಷ ಟನ್ ಹಗುರಾಗುತ್ತಿದ್ದಾನೆ. ನೀವು ಈ ಸಾಲು ಓದುವಷ್ಟರಲ್ಲೂ ಆಗಿದ್ದಾನೆ.

ಮೇಘಾಳ ಪಾಠದಲ್ಲಿ ಇದು ಬಂದಿದೆಯೇ? ಅದಕ್ಕಾಗಿ ಕೇಳುತ್ತಿದ್ದೀರೆಂದು ಊಹಿಸಿದೆ.

ಬೆನಕಪ್ಪ

*

ಕೊಟ್ಟೂರು
೬ ಅಕ್ಟೋಬರ್ ೨೦೨೪

ಗುರುಗಳಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಭಟ್ಟಿಗೆ ಒಯ್ದಿದ್ದೆ. ಜರಡಿ ಹಿಡಿಯುವ ಗುರುಬಸಮ್ಮನಿಗೆ ಓದಿ ಹೇಳಿದೆ. ಆಕೆಗೆ ಅರವತ್ತು ದಾಟಿದೆ, ಯಾವುದಕ್ಕೂ ಸುಲಭಕ್ಕೆ ಬೆರಗಾಗುವವಳಲ್ಲ. ಜರಡಿಯಿಂದ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡು ಅಂಗೈ ನೋಡುತ್ತ ಕೂತಳು.

‘ಇಷ್ಟರಾಗ ನಾಕು ಸಾವಿರ ಲಾರಿ ಹೊಟ್ಟಿನ ಕಾವು ಐತಾ?’

‘ಮಂಡಕ್ಕಿ ಅಂತಲ್ಲಬೇ. ಯಾವುದಾದ್ರೂ ಆಗ್ಲಿ, ಇಷ್ಟು ತೂಕ ಪೂರಾ ಶಾಖ ಆತಂದ್ರ.’

‘ಅಂದ್ರ ಈ ಕಲ್ಲಿನಾಗೂ ಐತಿ? ನನ್ನಾಗೂ?’

‘ಹೂಂ ಅನ್ಕೊ.’

ಆಕೆ ಆ ಹಿಡಿಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಚೆಲ್ಲಲೂ ಇಲ್ಲ. ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡು ಮನೆಗೆ ಹೋದಳು. ಏನು ಮಾಡಿದಳೋ ನಾನು ಕೇಳಲಿಲ್ಲ.

ನನಗೆ ಬೇರೊಂದು ಪ್ರಶ್ನೆ ತಲೆ ತಿನ್ನುತ್ತಿದೆ. ನಮ್ಮಲ್ಲಿ ಹೊಟ್ಟನ್ನು ಒಲೆಯಿಂದ ದೂರ ರಾಶಿ ಹಾಕುತ್ತೇವೆ. ರಾಶಿಗೇ ಕಿಡಿ ಬಿದ್ದರೆ ಎಲ್ಲವೂ ಒಂದೇ ಸಲಕ್ಕೆ ಹೋಗುತ್ತದೆ. ಸೂರ್ಯನಲ್ಲಿ ರಾಶಿಯ ನಡುವೆಯೇ ಒಲೆ ಇದೆ. ಹಿಡಿ ಹಿಡಿಯಾಗಿ ಹಾಕುವವರು ಯಾರೂ ಇಲ್ಲ. ಹಾಗಾದರೆ ಅದು ಒಂದೇ ಸಲಕ್ಕೆ ಯಾಕೆ ಹೊತ್ತಿಕೊಳ್ಳಲಿಲ್ಲ? ಅಲ್ಲಿ ಕೈ ತಡೆದು ಹಾಕುತ್ತಿರುವುದು ಯಾರು?

ಮೇಘಾಳ ಪಾಠದ ಬಗ್ಗೆ ಕೇಳಿದ್ದೀರಿ. ಅವಳದು ಆರ್ಟ್ಸ್. ಆದರೂ ಹೇಳಿ.

ತಿಪ್ಪೇರುದ್ರಮ್ಮ

*

ಹರಪನಹಳ್ಳಿ
೨ ನವೆಂಬರ್ ೨೦೨೪

ತಿಪ್ಪೇರುದ್ರಮ್ಮನವರಿಗೆ,

ಉತ್ತರ ತಡವಾಯಿತು. ಕಾರಣ, ನನಗೆ ಗೊತ್ತಿರಲಿಲ್ಲ. ಶಾಂಭವಿಗೂ ಗೊತ್ತಿರಲಿಲ್ಲ. ಅವಳ ಕಾಲೇಜಿನ ಅರುಣಕುಮಾರ್ ಎಂಬ ಅಧ್ಯಾಪಕರ ಹತ್ತಿರ ಹೋಗಿ ನಿಮ್ಮ ಕಾಗದವನ್ನೇ ಅವರ ಮುಂದಿಟ್ಟೆ. ಅವರು ಓದಿ, ಒಂದು ಹಾಳೆ ತೆಗೆದುಕೊಂಡು ನನಗಾಗಿ ಬರೆದರು: ‘ಈ ಪ್ರಶ್ನೆ ಕೇಳಿದವರು ಎಲ್ಲಿ ಓದುತ್ತಿದ್ದಾರೆ?’ ಕೊಟ್ಟೂರಿನ ಮಂಡಕ್ಕಿ ಭಟ್ಟಿಯಲ್ಲಿದ್ದಾರೆ ಎಂದೆ. ಆಮೇಲೆ ಅವರು ಎರಡು ತಾಸು ಬರೆದರು, ನಾನು ಓದಿದೆ. ಕಿವುಡನಾದದ್ದಕ್ಕೆ ಅಂದು ಮೊದಲ ಸಲ ಸಂತೋಷಪಟ್ಟೆ. ಎಲ್ಲವೂ ಕಾಗದದ ಮೇಲೆ ಉಳಿದಿದೆ.

ಕೈ ತಡೆಯುತ್ತಿರುವುದು ಆ ಬೀಜಗಳೇ. ಒಂದೂವರೆ ಕೋಟಿ ಡಿಗ್ರಿಯೂ ಸಾಲದಂತೆ! ಒಂದು ಇನ್ನೊಂದನ್ನು ದೂಡುವ ಬಲ ಒಂದು ಎತ್ತರದ ಗೋಡೆ ಇದ್ದ ಹಾಗೆ. ಅದನ್ನು ಹತ್ತಿ ದಾಟುವ ಶಕ್ತಿ ಅವಕ್ಕಿಲ್ಲ. ಆದರೆ ಅಷ್ಟು ಸಣ್ಣ ಲೋಕದಲ್ಲಿ ನಮ್ಮ ನ್ಯಾಯ ನಡೆಯುವುದಿಲ್ಲ. ಎಲ್ಲೋ ಅಪರೂಪಕ್ಕೆ ಒಂದು ಬೀಜ ಗೋಡೆ ಹತ್ತದೆಯೇ ಗೋಡೆಯ ಆಚೆ ಇರುತ್ತದೆ. ‘ಹೇಗೆ?’ ಎಂದು ಬರೆದು ಕೇಳಿದೆ. ‘ಲೆಕ್ಕ ಹಾಗೆ ಹೇಳುತ್ತದೆ, ನೋಡಿದರೂ ಹಾಗೆಯೇ ಇದೆ’ ಎಂದು ಬರೆದರು. ಆಚೆ ಹೋದರೂ ಮುಗಿಯಲಿಲ್ಲ. ಸರಿಯಾಗಿ ಅದೇ ಗಳಿಗೆಯಲ್ಲಿ ಎರಡರಲ್ಲಿ ಒಂದು ತನ್ನ ಗುಣವನ್ನೇ ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಮತ್ತೆ ಬೇರೆ. ಒಂದು ಬೀಜ ಸೆಕೆಂಡಿಗೆ ಎಷ್ಟೋ ಕೋಟಿ ಸಲ ಡಿಕ್ಕಿ ಹೊಡೆದುಕೊಂಡು, ಹೀಗೆ ಜೊತೆಯಾಗಲು ಸರಾಸರಿ ಒಂಬೈನೂರು ಕೋಟಿ ವರ್ಷ ಕಾಯಬೇಕು. ಸೂರ್ಯನ ವಯಸ್ಸಿಗಿಂತ ಹೆಚ್ಚು. ಅಲ್ಲಿರುವ ಬಹುಪಾಲು ಬೀಜಗಳಿಗೆ ಇನ್ನೂ ಸರದಿಯೇ ಬಂದಿಲ್ಲ. ಆ ನಿಧಾನದಿಂದಲೇ ಜೋಳ ಹುಟ್ಟಲು, ಕುರಿ ಹುಟ್ಟಲು, ನಾವು ಹುಟ್ಟಲು ಸಮಯ ಸಿಕ್ಕಿತು.

ಕೊನೆಯದು ಕೇಳಿ. ಸೂರ್ಯನ ನಡುವಿನಿಂದ ಒಂದು ತಿಪ್ಪೆಗುಂಡಿಯಷ್ಟು ಜಾಗ ತೆಗೆದುಕೊಂಡರೆ ಅಲ್ಲಿ ಹೊಸದಾಗಿ ಹುಟ್ಟುವ ಶಾಖ ಎಷ್ಟು ಗೊತ್ತೇ? ಒಂದು ತಿಪ್ಪೆಯಲ್ಲಿ ಹುಟ್ಟುವಷ್ಟೇ. ಗೊಬ್ಬರ ಕೊಳೆಯುವಾಗ ಹೊಗೆಯಾಡುತ್ತದಲ್ಲ, ಅಷ್ಟೇ. ಗಾತ್ರಕ್ಕೆ ಗಾತ್ರ ಹಿಡಿದರೆ ನಿಮ್ಮ ಮೈ ಅದಕ್ಕಿಂತ ಹೆಚ್ಚು ಶಾಖ ಹುಟ್ಟಿಸುತ್ತದೆ. ತಿಪ್ಪೆ ಅಷ್ಟು ದೊಡ್ಡದಿದೆ, ಅಷ್ಟೆ. ಹದಿಮೂರು ಲಕ್ಷ ಭೂಮಿ ಹಿಡಿಯುವಷ್ಟು.

ಆಗ ಹುಡುಗರು ನಿಮ್ಮನ್ನು ‘ತಿಪ್ಪಿ, ತಿಪ್ಪಿ’ ಎಂದು ಕೂಗುತ್ತಿದ್ದರು. ಈಗ ಅವರನ್ನು ಸಾಲಾಗಿ ನಿಲ್ಲಿಸಿ ಈ ಪಾಠ ಮಾಡಬೇಕೆನಿಸುತ್ತದೆ.

ಬೆನಕಪ್ಪ

*

ಹರಪನಹಳ್ಳಿ
೮ ಡಿಸೆಂಬರ್ ೨೦೨೪

ತಿಪ್ಪೇರುದ್ರಮ್ಮನವರಿಗೆ,

ಐದು ವಾರವಾಯಿತು. ನಿಮ್ಮ ಕಾಗದವಿಲ್ಲ.

ನನ್ನ ಹಿಂದಿನ ಕಾಗದದ ಕೊನೆಯ ಮಾತು ನಿಮಗೆ ನೋವು ಮಾಡಿರಬೇಕು. ಹೆಸರು ಹಿಡಿದು ಆಡುವ ಸಲಿಗೆ ನನಗೆ ಯಾರು ಕೊಟ್ಟರು? ಅಂದು ತರಗತಿಯಲ್ಲಿ ಹುಡುಗರು ಹಾಗೆ ಕೂಗುವಾಗ ನಾನೂ ಸುಮ್ಮನಿದ್ದವನು. ಮುದುಕನಾದರೂ ಬುದ್ಧಿ ಬರಲಿಲ್ಲ ಎಂದುಕೊಳ್ಳಿ. ಆ ಒಂದು ಮಾತನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳಿ. ಅದು ನಿಜ.

ಬೆನಕಪ್ಪ

*

ಹರಪನಹಳ್ಳಿ
೫ ಜನವರಿ ೨೦೨೫

ತಿಪ್ಪೇರುದ್ರಮ್ಮನವರಿಗೆ,

ಸಂಕ್ರಾಂತಿ ಕಳೆದ ಮೇಲೆ ನಾನೇ ಕೊಟ್ಟೂರಿಗೆ ಬಂದು ನಿಮ್ಮೆದುರು ಕ್ಷಮೆ ಕೇಳುತ್ತೇನೆ. ಬಸ್ಸಿಗೆ ಒಂದು ತಾಸಿನ ದಾರಿ.

ಬೆನಕಪ್ಪ

*

ಕೊಟ್ಟೂರು
೧೨ ಜನವರಿ ೨೦೨೫

ಗುರುಗಳಿಗೆ ನಮಸ್ಕಾರ.

ಇದನ್ನು ನಾನು ಹೇಳುತ್ತಿದ್ದೇನೆ, ಮೇಘಾ ಬರೆಯುತ್ತಿದ್ದಾಳೆ. ನನ್ನ ಬಲಗೈ ಸುಟ್ಟಿದೆ. ನವೆಂಬರ್ ಏಳರಂದು ಬಾಣಲೆ ವಾಲಿ ಕಾದ ಮರಳು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಸುರಿಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇದ್ದೆ. ತೊಡೆಯ ಚರ್ಮ ತೆಗೆದು ಕೈಗೆ ಹಚ್ಚಿದ್ದಾರೆ. ಈಗ ಗುಣವಾಗುತ್ತಿದೆ. ಬೆರಳು ಮಡಚುವುದಿಲ್ಲ, ಅಷ್ಟೇ.

ನಿಮ್ಮ ನವೆಂಬರ್ ಕಾಗದವನ್ನು ಮೇಘಾ ಆಸ್ಪತ್ರೆಗೆ ತಂದು ಓದಿದಳು. ತಿಪ್ಪೆಯ ಮಾತು ಬಂದಾಗ ನಾನು ಪಕ್ಕದ ಮಂಚದವರು ಎದ್ದು ನೋಡುವಷ್ಟು ನಕ್ಕೆ. ಆ ಇಪ್ಪತ್ತಾರು ದಿನದಲ್ಲಿ ನಕ್ಕದ್ದು ಅದೊಂದೇ ಸಲ. ನೋವು ಮಾಡಿದಿರಿ ಎಂದು ಬರೆದಿದ್ದೀರಿ. ನೋವು ಮಾಡಿದ್ದು ಮರಳು.

ನೀವು ಇಲ್ಲಿಗೆ ಬರಬೇಡಿ. ಸಿಟ್ಟಿನಿಂದ ಹೇಳುತ್ತಿಲ್ಲ. ನೀವು ಎದುರಿಗೆ ಬಂದರೆ ನಾನು ಎದ್ದು ನಿಲ್ಲಬೇಕಾಗುತ್ತದೆ. ಎದ್ದು ನಿಂತರೆ ಬಾಯಿ ಕಟ್ಟುತ್ತದೆ. ಕಾಗದದಲ್ಲಿಯೇ ನನಗೆ ಪ್ರಶ್ನೆ ಕೇಳಲು ಬರುವುದು.

ತಿಪ್ಪೇರುದ್ರಮ್ಮ

ಸರ್, ನಾನು ಮೇಘಾ. ಅವ್ವನಿಗೆ ತೋರಿಸದೆ ಈ ನಾಲ್ಕು ಸಾಲು ಬರೆಯುತ್ತಿದ್ದೇನೆ. ಅವ್ವ ಈ ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ್ದಾಳೆ. ಜೂನ್‌ನಿಂದ ನನ್ನ ಹಳೆಯ ಪುಸ್ತಕ ಓದುತ್ತಿದ್ದಾಳೆ. ‘ಬೆನಕಪ್ಪ ಸರ್‌ಗ ಹೇಳಿದ್ರ ನಿನ್ನ ತಲಿ ತಗೀತೀನಿ’ ಅಂದಿದ್ದಾಳೆ. ಮಾರ್ಚ್ ೨೧ಕ್ಕೆ ಪರೀಕ್ಷೆ. ಅವಳ ಬೆರಳಲ್ಲಿ ಪೆನ್ನು ನಿಲ್ಲುತ್ತಿಲ್ಲ. ನಾನು ನೋಡುತ್ತಿಲ್ಲ ಎಂದುಕೊಂಡಾಗ ಎಡಗೈಯಲ್ಲಿ ಬಲಗೈಯ ಬೆರಳು ಹಿಡಿದು ಮಡಚುತ್ತಾ ಹಲ್ಲು ಕಚ್ಚುತ್ತಾಳೆ. ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ.

*

ಹರಪನಹಳ್ಳಿ
೧೬ ಜನವರಿ ೨೦೨೫

ತಿಪ್ಪೇರುದ್ರಮ್ಮನವರಿಗೆ,

ನೀವು ಆಸ್ಪತ್ರೆಯಲ್ಲಿ ನರಳುತ್ತಿದ್ದಾಗ ನಾನು ಇಲ್ಲಿ ಕೂತು ನಿಮ್ಮ ಮೌನಕ್ಕೆ ನನ್ನದೇ ಅರ್ಥ ಹಚ್ಚುತ್ತಿದ್ದೆ. ನಾಚಿಕೆಯಾಯಿತು.

ಮೇಘಾಳ ತಲೆ ತೆಗೆಯಬೇಡಿ. ಪರೀಕ್ಷೆಯ ವಿಷಯ ಅವಳು ಬರೆದದ್ದು ಒಳ್ಳೆಯದಾಯಿತು. ನಾನು ನಿನ್ನೆಯೇ ಇಲ್ಲಿನ ಮುಖ್ಯೋಪಾಧ್ಯಾಯ ಪಾಲಾಕ್ಷಪ್ಪನವರನ್ನು ವಿಚಾರಿಸಿದೆ. ಕೈಗೆ ಪೆಟ್ಟಾದವರಿಗೆ, ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೊಡುತ್ತಾರೆ. ಡಾಕ್ಟರರ ಚೀಟಿ ಬೇಕು, ಅರ್ಜಿ ಕೊಡಬೇಕು. ನಾನು ಓಡಾಡುತ್ತೇನೆ.

ಒಂದು ಮಾತ್ರ ಕೇಳಬೇಕೆನಿಸಿದೆ. ನನ್ನಿಂದ ಯಾಕೆ ಮುಚ್ಚಿಟ್ಟಿರಿ?

ಬೆನಕಪ್ಪ

*

ಕೊಟ್ಟೂರು
೨೦ ಫೆಬ್ರವರಿ ೨೦೨೫

ಗುರುಗಳಿಗೆ ನಮಸ್ಕಾರ.

ಅಕ್ಷರ ಸೊಟ್ಟಗಿದೆ. ನನ್ನ ಕೈಯಲ್ಲೇ ಬರೆದದ್ದು. ಈ ಒಂದು ಕಾಗದಕ್ಕೆ ಮೂರು ದಿನ ಹಿಡಿಯಿತು. ರೊಟ್ಟಿ ಹಿಟ್ಟಿನ ಉಂಡೆಯನ್ನು ಹಿಚುಕುತ್ತ ಹಿಚುಕುತ್ತ ಎರಡು ಬೆರಳು ಮಡಚಲು ಬಂದಿವೆ. ಬರೆಯುವವರು ಬೇಡ. ಚೀಟಿ, ಅರ್ಜಿ ಎಂದು ನೀವು ಓಡಾಡಬೇಡಿ. ಇಪ್ಪತ್ತೇಳು ವರ್ಷ ಕಾದು ಬೇರೆಯವರ ಕೈಯಲ್ಲಿ ಬರೆಸಲು ನನಗೆ ಮನಸ್ಸಿಲ್ಲ.

ಯಾಕೆ ಮುಚ್ಚಿಟ್ಟೆ ಎಂದು ಕೇಳಿದ್ದೀರಿ. ಪರೀಕ್ಷೆಗೆ ಎಂದು ಹೇಳಿದ್ದರೆ ನೀವು ಪಾಸಾಗಲು ಬೇಕಾದಷ್ಟನ್ನು ಹೇಳಿ ನಿಲ್ಲಿಸುತ್ತಿದ್ದಿರಿ. ನನಗೆ ಪೂರ್ತಿ ಬೇಕಿತ್ತು.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಬಿಸಿಲಲ್ಲಿ ನಿಂತದ್ದು ನೆನಪಿಲ್ಲ ಎಂದು ಬರೆದದ್ದು ಸುಳ್ಳು. ಎಲ್ಲಾ ನೆನಪಿದೆ. ಆದರೆ ನನ್ನ ಓದು ನಿಲ್ಲಿಸಿದ್ದು ನೀವಲ್ಲ. ಅವ್ವ ಹೆತ್ತು ಹಾಸಿಗೆ ಹಿಡಿದಿದ್ದಳು. ಅಪ್ಪ ಕುರಿಗಳ ಜೊತೆ ಹೊರಡುವವನಿದ್ದ. ಕೂಸನ್ನು ನೋಡುವವರು ಯಾರೂ ಇರಲಿಲ್ಲ. ಹಿಂದಿನ ದಿನ ಸಂಜೆ ಅಪ್ಪ ಹೇಳಿದ, ‘ನಾಳಿ ಒಂದಿನ ಹೋಗಿ ಬಾರವ್ವ. ನಾಡದ್ದರಿಂದ ಮನ್ಯಾಗಿರು.’ ಅಳಲಿಲ್ಲ. ಒಂದು ದಿನ ಸಿಕ್ಕಿತಲ್ಲ ಎಂದುಕೊಂಡೆ. ಕೇಳಬೇಕಾದ ಪ್ರಶ್ನೆ ಮೂರು ಇದ್ದವು. ನಿಮ್ಮ ಹತ್ತಿರ ಮೂರನ್ನೂ ಕೇಳುವ ಧೈರ್ಯವಿರಲಿಲ್ಲ. ಯಾವುದನ್ನು ಕೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿ ಸೂರ್ಯನದನ್ನು ಆರಿಸಿಕೊಂಡೆ.

ನೀವು ಬೈದಿರಿ ಎಂಬ ನೋವು ಆಗಲೇ ಹೋಯಿತು. ಉತ್ತರ ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡು ಹೋಗುತ್ತಿದ್ದೆ. ಕೂಸನ್ನು ತೂಗುವಾಗ, ಸೌದೆ ತರುವಾಗ, ಇಲ್ಲಿ ಒಲೆಯ ಮುಂದೆ ಹನ್ನೊಂದು ವರ್ಷ, ಯೋಚಿಸಲು ನನ್ನ ಹತ್ತಿರ ಅದೊಂದು ಇರುತ್ತಿತ್ತು. ಅದು ಮಾತ್ರ ನಿಮ್ಮಿಂದ ತಪ್ಪಿತು. ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು.

ಕಟುವಾಗಿ ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇನ್ನು ಮುಂದೆ ನನಗೆ ನೀವು ಎನ್ನಬೇಡಿ. ನಿಮ್ಮ ವಿದ್ಯಾರ್ಥಿನಿ ನಾನು.

ತಿಪ್ಪೇರುದ್ರಮ್ಮ

*

ಹರಪನಹಳ್ಳಿ
೨೭ ಫೆಬ್ರವರಿ ೨೦೨೫

ತಿಪ್ಪೇರುದ್ರಮ್ಮ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನನ್ನ ತಪ್ಪು ಎಷ್ಟು, ಯಾವುದು ಎಂದು ಇಷ್ಟು ನೇರವಾಗಿ ಯಾರೂ ತೂಗಿ ಹೇಳಿರಲಿಲ್ಲ. ಕ್ಷಮಿಸು ಎಂದು ಮತ್ತೆ ಕೇಳುವುದಿಲ್ಲ. ಉಳಿದ ಎರಡು ಪ್ರಶ್ನೆ ಯಾವುವು ಎಂದು ಮಾತ್ರ ಬರೆ.

ಪೂರ್ತಿ ಬೇಕೆಂದೆಯಲ್ಲ, ಹಾಗಾದರೆ ಇದೂ ನಿನ್ನ ಹತ್ತಿರ ಇರಲಿ. ಸೂರ್ಯನ ನಡುವೆ ಹುಟ್ಟಿದ ಶಕ್ತಿ ನೆಟ್ಟಗೆ ಹೊರಗೆ ಬರುವುದಿಲ್ಲ. ಅಲ್ಲಿ ಅಷ್ಟು ಒತ್ತೊತ್ತಾಗಿದೆ. ಒಂದು ಕೂದಲೆಳೆಯ ದೂರ ಹೋಗುವಷ್ಟರಲ್ಲಿ ಏನಕ್ಕಾದರೂ ತಾಗುತ್ತದೆ, ದಿಕ್ಕು ತಪ್ಪುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಹೊರಡುತ್ತದೆ. ಮೇಲ್ಮೈ ಮುಟ್ಟಲು ಸಾವಿರಾರು ವರ್ಷ, ಕೆಲವರ ಲೆಕ್ಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ಅಲ್ಲಿಂದ ಕೊಟ್ಟೂರಿಗೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು. ಇಂದು ನಿನ್ನ ಅಂಗಳಕ್ಕೆ ಬಿದ್ದ ಬಿಸಿಲು ಸೂರ್ಯನೊಳಗೆ ಹುಟ್ಟಿದಾಗ ಕನ್ನಡ ಇರಲಿಲ್ಲ. ಯಾವ ಭಾಷೆಯ ಅಕ್ಷರವೂ ಇರಲಿಲ್ಲ. ಇದನ್ನು ಓದಿದ ದಿನ ನಾನು ಅಂಗಳಕ್ಕೆ ಹೋಗಿ, ಒಣಗಲು ಹರವಿದ್ದ ಮೆಣಸಿನಕಾಯಿಯ ಪಕ್ಕ, ಈ ವಯಸ್ಸಿನಲ್ಲಿ, ಅಂಗೈ ಚಾಚಿ ನಿಂತುಬಿಟ್ಟೆ. ಸೊಸೆ ಗಂಗಾಂಬಿಕಾ ಬಂದು ಏನೋ ಕೇಳಿದಳು. ಕೇಳಿಸಲಿಲ್ಲ.

ಚೆನ್ನಾಗಿ ಬರೆ. ಗಣಿತಕ್ಕೆ ಹೆದರಬೇಡ.

ಬೆನಕಪ್ಪ

*

ಕೊಟ್ಟೂರು
೪ ಮೇ ೨೦೨೫

ಗುರುಗಳಿಗೆ ತಿಪ್ಪೇರುದ್ರಮ್ಮ ಮಾಡುವ ಸಾಷ್ಟಾಂಗ ನಮಸ್ಕಾರ.

ಪಾಸಾಗಿದ್ದೇನೆ. ಗಣಿತದಲ್ಲಿ ಅಂಚಿನಲ್ಲಿ ಪಾರಾದೆ. ವಿಜ್ಞಾನದಲ್ಲಿ ಐವತ್ತೊಂದು. ಮೊನ್ನೆ ಮೇಘಾ ಮೊಬೈಲಿನಲ್ಲಿ ನೋಡಿ ಕಿರುಚಿದಾಗ ಯಾರಿಗೋ ಏನೋ ಆಯಿತೆಂದು ಓಡಿ ಬಂದೆ. ಮನೆಯವರು ಹಿಂಡನ್ನು ಹಡಗಲಿಯ ಕಡೆ ಬಿಟ್ಟು ನಿನ್ನೆ ಬಂದರು. ‘ಮುಂದ ಕಾಲೇಜಿಗೆ ಹೊಕ್ಕಿಯೇನು?’ ಎಂದರು. ‘ಹೋದ್ರ?’ ಎಂದೆ. ‘ಹೋಗು. ನಾ ಬ್ಯಾಡ ಅಂದೆನೇನು?’ ಎಂದರು. ಅರ್ಜಿ ತರಲು ಮೇಘಾ ಹೋಗಿದ್ದಾಳೆ. ಹೋದರೆ ನಾನು ಅವಳಿಗಿಂತ ಒಂದು ವರ್ಷ ಹಿಂದೆ ಇರುತ್ತೇನೆ.

ಉಳಿದ ಎರಡು ಪ್ರಶ್ನೆ ಕೇಳಿದ್ದಿರಿ. ಒಂದು, ಕುರಿಯ ಕಣ್ಣು ಕತ್ತಲೆಯಲ್ಲಿ ಯಾಕೆ ಹೊಳೆಯುತ್ತದೆ ಎಂಬುದು. ಇನ್ನೊಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಹೋಯಿತು.

ನೀವು ಬರೆದು ಕಳಿಸಿದ್ದರಲ್ಲಿ ಒಂದೂ ಪರೀಕ್ಷೆಗೆ ಬರಲಿಲ್ಲ. ಸೂರ್ಯನ ಹೆಸರೇ ಇರಲಿಲ್ಲ. ವಿಜ್ಞಾನದ ಪತ್ರಿಕೆಯನ್ನು ಎರಡು ಸಲ ತಿರುವಿ ನೋಡಿ ನಗು ಬಂತು. ಆದರೆ ಅಂದು ಅಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು. ಯಾರಿಗೂ ಹೇಳಿಲ್ಲ.

ನನ್ನ ಜಾಗ ಕಿಟಕಿಯ ಪಕ್ಕ ಇತ್ತು. ಸುತ್ತ ಎಲ್ಲಾ ಹದಿನಾರರ ಮಕ್ಕಳು. ಒಂದೂವರೆ ತಾಸು ಚೆನ್ನಾಗಿ ಬರೆದೆ. ಆಮೇಲೆ ಬೆರಳು ಕಟ್ಟಿಗೆಯಾದವು. ಪೆನ್ನು ಬೆಂಚಿನ ಮೇಲೆ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಉತ್ತರ ಗೊತ್ತಿದ್ದ ಐದು ಪ್ರಶ್ನೆ ಉಳಿದಿದ್ದವು. ಎಡಗೈಯಲ್ಲಿ ಒತ್ತಿದೆ, ಮೊಣಕಾಲ ನಡುವೆ ಇಟ್ಟು ಹಿಂಡಿದೆ, ಏನೂ ಆಗಲಿಲ್ಲ. ಕೊಠಡಿಯ ಮೇಡಂ ಬಂದು, ‘ಏನಾತಮ್ಮ? ಸಾಕಾದ್ರ ಕೊಟ್ಟು ಹೋಗ್ತೀಯೇನು?’ ಎಂದರು. ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ.

ಆಗ ಹನ್ನೆರಡು ಗಂಟೆಯ ಹತ್ತಿರ. ಕಿಟಕಿಯ ಸರಳಿನ ಸಂದಿನಿಂದ ಬೆಂಚಿನ ತುದಿಗೆ ಅಂಗೈಯಗಲ ಬಿಸಿಲು ಬಿದ್ದಿತ್ತು. ಕೈಗೆ ಕಾವು ಕೊಟ್ಟರೆ ಬೆರಳು ಸಡಿಲುತ್ತವೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಬಿಸಿನೀರಿನಲ್ಲಿ ಇಡು ಎಂದಿದ್ದರು. ಅಲ್ಲಿ ಬಿಸಿನೀರು ಎಲ್ಲಿಯದು? ಬಲಗೈಯನ್ನು ಆ ಬಿಸಿಲಿನಲ್ಲಿ ಇಟ್ಟೆ.

ನಾನು ದಿನಾ ಬೆಂಕಿಯ ಮುಂದೆ ಕೂರುವವಳು, ಕಾವು ನನಗೆ ಹೊಸದಲ್ಲ. ಆದರೂ ಅಂದು ಅದು ಬರುವುದು ಗೊತ್ತಾಯಿತು. ಮೊದಲು ಹೊಸ ಚರ್ಮದ ಮೇಲೆ, ಆಮೇಲೆ ಒಳಗೆ, ಆಮೇಲೆ ಗೆಣ್ಣಿನಲ್ಲಿ. ಇದು ಹುಟ್ಟಿದಾಗ ಅಕ್ಷರವೇ ಇರಲಿಲ್ಲ ಎಂದು ನೀವು ಬರೆದದ್ದು ಮನಸ್ಸಿಗೆ ಬಂತು. ಎಷ್ಟು ಕಡೆ ತಾಗಿ, ಎಷ್ಟು ಸಲ ಹಿಂದಕ್ಕೆ ಹೋಗಿ, ಹೊರಗೆ ಬಂದು, ಇಡೀ ಆಕಾಶ ಬಿಟ್ಟು, ಈ ಊರಿಗೆ, ಈ ಕಿಟಕಿಗೆ, ಈ ಕೈಗೆ. ಮೈ ಜುಮ್ಮೆಂದಿತು. ಪರೀಕ್ಷೆ ಮರೆತೇ ಹೋಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ಹಿಂದಿನ ಬೆಂಚಿನ ಹುಡುಗಿ ಹಾಳೆ ಕೇಳಿದ ಸದ್ದಿಗೆ ಎಚ್ಚರಾದಾಗ ಬಿಸಿಲು ಒಂದು ಬೆರಳಿನಷ್ಟು ಸರಿದಿತ್ತು.

ಕಿರುಬೆರಳು ಮೊದಲು ಮಡಚಿತು. ಆಮೇಲೆ ಉಳಿದವು. ಪೆನ್ನು ತೆಗೆದುಕೊಂಡು ಬರೆದೆ.

ತಿಪ್ಪೇರುದ್ರಮ್ಮ